ವಿಲಿಯಂ ವಿರುದ್ಧ ಅವನ ನಾರ್ಮನ್ನರೇ ಯಾಕೆ ದಂಗೆ ಎದ್ದರು?

ಪ್ರಶ್ನೆ: 1066ರಲ್ಲಿ ಹೇಸ್ಟಿಂಗ್ಸ್ ಯುದ್ಧ ಗೆದ್ದು, ಈಗಿನ ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿಯ ವಿಲಿಯಂ ಇಂಗ್ಲೆಂಡಿನ ರಾಜನಾದ ಅಂತ ಓದಿದ್ದೆ. ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆಮೇಲೂ ವರ್ಷಗಟ್ಟಲೆ ದಂಗೆಗಳು ನಡೆದವು, ಅವುಗಳಲ್ಲಿ ಕೆಲವನ್ನು ನಾರ್ಮನ್ನರೇ ಎಬ್ಬಿಸಿದರು ಅಂತ ಈಚೆಗೆ ತಿಳಿಯಿತು. ಸೋತ ಇಂಗ್ಲಿಷರು ತಿರುಗಿಬಿದ್ದದ್ದು ಅರ್ಥವಾಗುತ್ತದೆ. ಗೆದ್ದು ಜಮೀನು ಪಡೆದವರಿಗೆ ಏನು ಕೊರತೆಯಾಗಿತ್ತು? ಇಂಗ್ಲಿಷರು ಅಷ್ಟು ಸಲ ಎದ್ದರೂ ಯಾಕೆ ಗೆಲ್ಲಲಿಲ್ಲ?

ಉತ್ತರ:

ಈ ಕಡೆ ಇಂಗ್ಲಿಷರು, ಆ ಕಡೆ ನಾರ್ಮನ್ನರು ಅಂತ ಗೆರೆ ಎಳೆದು ನೋಡಿದರೆ ಈ ದಂಗೆಗಳ ತಲೆಬುಡ ತಿಳಿಯುವುದಿಲ್ಲ. ವಿಲಿಯಂ ಪರವಾಗಿ ಕಾದಾಡಿದ ಇಂಗ್ಲಿಷರಿದ್ದರು. ಅವನ ಮೇಲೆ ಕತ್ತಿ ಎತ್ತಿದ ನಾರ್ಮನ್ನರಿದ್ದರು, ಅವರಲ್ಲಿ ಅವನ ಹಿರಿಯ ಮಗನೂ ಒಬ್ಬ. ಭಾಷೆ, ಕುಲಕ್ಕಿಂತ ಇಲ್ಲಿ ಜಾಸ್ತಿ ಕೆಲಸ ಮಾಡಿದ್ದು ಜಮೀನು ಮತ್ತು ಕೊಟ್ಟ ಮಾತು.

1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಇಂಗ್ಲೆಂಡಿನ ರಾಜ ಹ್ಯಾರಲ್ಡ್ ಸತ್ತ. ಅವನ ಇಬ್ಬರು ತಮ್ಮಂದಿರೂ ಅದೇ ದಿನ ಸತ್ತರು. ಆದರೆ ಇಂಗ್ಲೆಂಡಿನ ದೊಡ್ಡ ಪ್ರಭುಗಳೆಲ್ಲ ಅಲ್ಲಿ ಸಾಯಲಿಲ್ಲ. ಅರ್ಲ್ ಪದವಿಯಲ್ಲಿದ್ದ (ಅಂದರೆ ಒಂದೊಂದು ದೊಡ್ಡ ಸೀಮೆ ಆಳುತ್ತಿದ್ದ) ಅಣ್ಣತಮ್ಮಂದಿರಾದ ಎಡ್ವಿನ್ ಮತ್ತು ಮೋರ್ಕಾರ್, ಹಳೆಯ ರಾಜವಂಶದ ಹುಡುಗ ಎಡ್ಗರ್, ಯಾರ್ಕ್‌ನ ಆರ್ಚ್‌ಬಿಷಪ್ ಎಲ್ಲರೂ ಬದುಕಿದ್ದರು. ಇವರೆಲ್ಲ ಬಂದು ವಿಲಿಯಂಗೆ ತಲೆಬಾಗಿದರು. ಕ್ರಿಸ್‌ಮಸ್ ದಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಟ್ಟಾಭಿಷೇಕ. ಒಳಗೆ ಜನ ಜೈಕಾರ ಹಾಕಿದ್ದನ್ನು ಕೇಳಿ ಹೊರಗಿದ್ದ ನಾರ್ಮನ್ ಕಾವಲಿನವರು ಗಲಾಟೆ ಶುರುವಾಯಿತು ಅಂತ ಗಾಬರಿಯಾಗಿ ಸುತ್ತಲಿನ ಮನೆಗಳಿಗೆ ಬೆಂಕಿ ಇಟ್ಟರು. ಗೆದ್ದವರಿಗೆ ಎಷ್ಟು ಭಯವಿತ್ತು ಅನ್ನುವುದಕ್ಕೆ ಇದೊಂದೇ ಸಾಕು, ಅಲ್ವಾ?

ಈಗ ವಿಲಿಯಂನ ಇಕ್ಕಟ್ಟು ನೋಡಿ. ತಾನು ದಾಳಿಕೋರನಲ್ಲ, ಹ್ಯಾರಲ್ಡ್‌ಗಿಂತ ಹಿಂದಿನ ರಾಜ ಎಡ್ವರ್ಡ್‌ನ ನಿಜವಾದ ವಾರಸುದಾರ ಅಂತ ಅವನು ಹೇಳಿಕೊಂಡು ಬಂದಿದ್ದ. ಹಾಗಾಗಿ ತಲೆಬಾಗಿದ ಇಂಗ್ಲಿಷ್ ಪ್ರಭುಗಳ ಜಮೀನು, ಪದವಿ ಅವರ ಕೈಯಲ್ಲೇ ಉಳಿಯಬೇಕು. ಆದರೆ ಜೀವದ ಹಂಗು ಬಿಟ್ಟು ಕಡಲು ದಾಟಿ ಬಂದವರಿಗೂ ಜಮೀನು ಕೊಡುವ ಮಾತು ಕೊಟ್ಟಿದ್ದ. ಹೇಸ್ಟಿಂಗ್ಸ್‌ನಲ್ಲಿ ಸತ್ತವರ ಜಮೀನು ಒಂದಷ್ಟು ಸಿಕ್ಕಿತು. ಅದು ಎಲ್ಲರಿಗೂ ಸಾಲುವಂತಿರಲಿಲ್ಲ. ಒಂದೇ ಜಮೀನಿನ ಮೇಲೆ ಎರಡು ಕಡೆಗೂ ಮಾತು ಕೊಟ್ಟಂತಾಗಿತ್ತು. ಮುಂದಿನ ಹೆಚ್ಚಿನ ರಗಳೆಗಳ ಬೇರು ಇಲ್ಲಿದೆ.

ಮೊದಲ ವರ್ಷವೇ ಗೆರೆ ಕಲಸಿಹೋಗುತ್ತದೆ. 1067ರ ಮಾರ್ಚ್‌ನಲ್ಲಿ ವಿಲಿಯಂ ನಾರ್ಮಂಡಿಗೆ ಹೋದ. ಎಡ್ಗರ್, ಎಡ್ವಿನ್, ಮೋರ್ಕಾರ್‌ರನ್ನು ಜೊತೆಗೇ ಕರೆದುಕೊಂಡು ಹೋದ. ಅತಿಥಿಗಳು ಅಂತ ಹೆಸರು, ಅಸಲಿಗೆ ಒತ್ತೆಯಾಳುಗಳು. ಇಲ್ಲಿ ಆಳಲು ತನ್ನ ಮಲತಮ್ಮ ಬಿಷಪ್ ಓಡೋ ಮತ್ತು ಆಪ್ತ ಗೆಳೆಯ ವಿಲಿಯಂ ಫಿಟ್ಸ್‌ಆಸ್ಬರ್ನ್‌ನನ್ನು ಬಿಟ್ಟ. ಓಡೋನ ಕಾಟ ತಡೆಯಲಾರದೆ ಕೆಂಟ್ ಸೀಮೆಯ ಜನ ಡೋವರ್ ಕೋಟೆ ಹಿಡಿಯಲು ಹೊರಟರು. ಸಹಾಯಕ್ಕೆ ಕರೆದದ್ದು ಯಾರನ್ನು ಗೊತ್ತಾ? ಕಡಲಾಚೆಯ ಬೊಲೋನ್ ಸೀಮೆಯ ಪ್ರಭು ಯೂಸ್ಟೇಸ್‌ನನ್ನು. ಹೇಸ್ಟಿಂಗ್ಸ್‌ನಲ್ಲಿ ವಿಲಿಯಂ ಪಕ್ಕದಲ್ಲಿ ನಿಂತು ಹೋರಾಡಿದವನು ಅವನು. 1051ರಲ್ಲಿ ಇದೇ ಡೋವರ್‌ನಲ್ಲಿ ಅವನ ಆಳುಗಳಿಗೂ ಊರವರಿಗೂ ಹೊಡೆದಾಟವಾಗಿ ಹೆಣಗಳು ಬಿದ್ದಿದ್ದವು. ಆ ಹಗೆಯನ್ನೂ ಮರೆತು ಅವನನ್ನೇ ಕರೆದರು! ದಾಳಿ ಸೋತಿತು. ಯೂಸ್ಟೇಸ್ ಹಡಗು ಹತ್ತಿ ವಾಪಸ್ ಹೋದ, ಮುಂದೆ ವಿಲಿಯಂ ಜೊತೆ ರಾಜಿಯನ್ನೂ ಮಾಡಿಕೊಂಡ.

ಎಕ್ಸೆಟರ್ ನಗರದ ಪ್ರಸಂಗ ನನಗೆ ಇನ್ನೂ ಸ್ವಾರಸ್ಯ ಅನ್ನಿಸುತ್ತದೆ. ಹ್ಯಾರಲ್ಡ್‌ನ ತಾಯಿ ಗೀಥಾ ಅಲ್ಲಿದ್ದಳು. ಗೋಡೆ ಕಟ್ಟಿಕೊಂಡಿದ್ದ ಶ್ರೀಮಂತ ಊರು ಅದು. 1068ರ ಆರಂಭದಲ್ಲಿ ಆ ಊರಿನವರು ವಿಲಿಯಂಗೆ ಹೇಳಿ ಕಳಿಸಿದ ಉತ್ತರ ಹೀಗಿತ್ತು: ನಿಷ್ಠೆಯ ಪ್ರಮಾಣ ಮಾಡುವುದಿಲ್ಲ, ನಿನ್ನನ್ನು ಊರೊಳಗೆ ಬಿಡುವುದಿಲ್ಲ, ಹಿಂದಿನಿಂದ ಕೊಡುತ್ತಿದ್ದ ಕಪ್ಪ ಮಾತ್ರ ಕೊಡುತ್ತೇವೆ. ಅಂದರೆ ಇದು ಸ್ವಾತಂತ್ರ್ಯದ ಘೋಷಣೆಯಲ್ಲ, ಚೌಕಾಸಿ. ಇಂಥ ಷರತ್ತಿನ ಮೇಲೆ ಪ್ರಜೆಗಳನ್ನು ಇಟ್ಟುಕೊಂಡು ನನಗೆ ರೂಢಿಯಿಲ್ಲ ಅಂತ ವಿಲಿಯಂ ದಂಡು ಕಟ್ಟಿಕೊಂಡು ಬಂದ. ಆ ದಂಡಿನಲ್ಲಿ ಇಂಗ್ಲಿಷ್ ಸೈನಿಕರೂ ಇದ್ದರು. ಊರಿನ ಹಿರಿಯರು ಎದುರಿಗೆ ಬಂದು ಒತ್ತೆಯಾಳುಗಳನ್ನು ಕೊಟ್ಟು ಶಾಂತಿ ಕೇಳಿಕೊಂಡರು. ಆದರೆ ಒಳಗೆ ಹೋದ ಮೇಲೆ ಊರು ಬಾಗಿಲು ಹಾಕಿಕೊಂಡಿತು. ವಿಲಿಯಂ ಒಬ್ಬ ಒತ್ತೆಯಾಳಿನ ಕಣ್ಣನ್ನು ಹೆಬ್ಬಾಗಿಲ ಮುಂದೆಯೇ ಕೀಳಿಸಿದ. ಆದರೂ ಊರಿನವರು ಬಗ್ಗಲಿಲ್ಲ. ಮುತ್ತಿಗೆ 18 ದಿನ ನಡೆಯಿತು. ಕೊನೆಗೆ ರಾಜಿಯಾದಾಗ ಊರನ್ನು ಲೂಟಿ ಮಾಡಿಸಲಿಲ್ಲ. ತನ್ನ ಸೈನಿಕರೇ ನುಗ್ಗದ ಹಾಗೆ ಬಾಗಿಲಿಗೆ ಕಾವಲು ಹಾಕಿಸಿದ. ಗೀಥಾ ಮೊದಲೇ ತಪ್ಪಿಸಿಕೊಂಡು ಒಂದು ಪುಟ್ಟ ದ್ವೀಪ ಸೇರಿದ್ದಳು. ಊರೊಳಗೆ ಕೋಟೆ ಎದ್ದಿತು. ಅದರ ಹೆಬ್ಬಾಗಿಲು ಇವತ್ತಿಗೂ ನಿಂತಿದೆ. ಅದರ ಕಿಂಡಿಗಳ ತಲೆ ಇಂಗ್ಲಿಷ್ ಕಲ್ಲುಕುಟಿಗರ ಹಳೆಯ ಪದ್ಧತಿಯಂತೆ ತ್ರಿಕೋನಾಕಾರದಲ್ಲಿದೆ. ತಮ್ಮನ್ನು ಹದ್ದುಬಸ್ತಿನಲ್ಲಿಡುವ ಕೋಟೆಯನ್ನು ಊರಿನವರ ಕೈಯಲ್ಲೇ ಕಟ್ಟಿಸಿದ್ದು ಅಂತ ಆ ಕಲ್ಲು ನೋಡಿದರೆ ತಿಳಿಯುತ್ತದೆ.

ಅದೇ ವರ್ಷ ಎಡ್ವಿನ್ ತಿರುಗಿಬಿದ್ದ. ಮಗಳನ್ನು ಕೊಟ್ಟು ಮದುವೆ ಮಾಡುತ್ತೇನೆ ಅಂತ ವಿಲಿಯಂ ಅವನಿಗೆ ಮಾತು ಕೊಟ್ಟಿದ್ದ, ಕೊಡಲಿಲ್ಲ. ಜೊತೆಗೆ ಅವನ ಸೀಮೆಯಲ್ಲೇ ನಾರ್ಮನ್ನರಿಗೆ ಜಹಗೀರು ಹಂಚುತ್ತಾ ಹೋದ. ವಿಲಿಯಂ ಉತ್ತರದ ಕಡೆ ಹೊರಟು ದಾರಿಯುದ್ದಕ್ಕೂ ಕೋಟೆ ಹಾಕಿಸಿದ: ವಾರಿಕ್, ನಾಟಿಂಗ್‌ಹ್ಯಾಮ್, ಯಾರ್ಕ್, ವಾಪಸ್ ಬರುವಾಗ ಲಿಂಕನ್, ಹಂಟಿಂಗ್‌ಡನ್, ಕೇಂಬ್ರಿಡ್ಜ್. ಮಣ್ಣಿನ ದಿಬ್ಬ, ಮೇಲೊಂದು ಮರದ ಗೋಪುರ, ಸುತ್ತ ಕಂದಕ, ಅಷ್ಟೇ. ಬೇಗ ಏಳುತ್ತಿತ್ತು, ಕೆಲವೇ ಜನ ಕಾಯಬಹುದಿತ್ತು. ಆದರೆ ಜಾಗ ಎಲ್ಲಿಂದ? ಊರಿನ ಮನೆಗಳನ್ನು ಕೆಡವಿಯೇ. ಲಿಂಕನ್‌ನಲ್ಲಿ ಕೋಟೆಗಾಗಿ 166 ಮನೆಗಳು ಹೋದವು ಅಂತ 1086ರ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲಿದೆ. ಯಾರ್ಕ್ ನಗರದ ಏಳು ಭಾಗಗಳಲ್ಲಿ ಒಂದು ಪೂರ್ತಿ ಕೋಟೆಗಳಿಗೆ ಹೋಯಿತು. ಎಡ್ವಿನ್ ಕಾದಾಡದೆ ಶರಣಾದ.

ನಿಜವಾಗಿ ವಿಲಿಯಂ ಸಿಂಹಾಸನ ಅಲುಗಾಡಿದ್ದು 1069ರಲ್ಲಿ. ಜನವರಿ ಕೊನೆಯಲ್ಲಿ ಉತ್ತರಕ್ಕೆ ಹೊಸ ಅರ್ಲ್ ಆಗಿ ಕಳಿಸಿದ್ದ ರಾಬರ್ಟ್ ಡಿ ಕೊಮಿನ್ ಡರ್ಹಮ್ ಊರಿಗೆ ಹೋಗಿ ಬಿಷಪ್ ಮನೆಯಲ್ಲಿ ಇಳಿದುಕೊಂಡ. ಬೆಳಗಿನ ಜಾವ ಜನ ನುಗ್ಗಿ ಬೀದಿಬೀದಿಯಲ್ಲಿ ಅವನ ಸೈನಿಕರನ್ನು ಕಡಿದರು, ಅವನಿದ್ದ ಮನೆಗೆ ಬೆಂಕಿ ಇಟ್ಟು ಕೊಂದರು. ಹಿಂದೆಯೇ ಯಾರ್ಕ್ ಎದ್ದಿತು. ವಿಲಿಯಂ ಮಿಂಚಿನಂತೆ ಬಂದು ಅದನ್ನು ಅಡಗಿಸಿ, ಅಲ್ಲಿ ಎರಡನೇ ಕೋಟೆ ಕಟ್ಟಿಸಿದ. ಶರತ್ಕಾಲಕ್ಕೆ ಡೆನ್ಮಾರ್ಕಿನ ರಾಜ ಸ್ವೇನ್ ಕಳಿಸಿದ 240 ಹಡಗುಗಳು ಹಂಬರ್ ನದಿಯೊಳಗೆ ಬಂದವು. ಎಡ್ಗರ್, ಅರ್ಲ್ ವಾಲ್ತಿಯೋಫ್ ಮುಂತಾದವರು ಅವರನ್ನು ಕೂಡಿಕೊಂಡರು. ಯಾರ್ಕ್‌ನ ನಾರ್ಮನ್ ಪಡೆಯವರು ಹೆದರಿ, ಶತ್ರುಗಳು ಮನೆಗಳ ಮರಮುಟ್ಟು ತಂದು ಕಂದಕ ಮುಚ್ಚಿಬಿಟ್ಟಾರು ಅಂತ ಕೋಟೆಯ ಸುತ್ತಲ ಮನೆಗಳಿಗೆ ತಾವೇ ಬೆಂಕಿ ಇಟ್ಟರು. ಬೆಂಕಿ ಹತೋಟಿ ತಪ್ಪಿ ದೊಡ್ಡ ಇಗರ್ಜಿ ಸಮೇತ ಊರಿಗೆ ಊರೇ ಉರಿಯಿತು. ಎರಡು ದಿನದ ಮೇಲೆ ಎರಡೂ ಕೋಟೆ ಬಿದ್ದವು. ವಾಲ್ತಿಯೋಫ್ ಬಾಗಿಲಲ್ಲಿ ನಿಂತು, ಹೊರಗೆ ಬಂದ ಒಬ್ಬೊಬ್ಬನ ತಲೆಯನ್ನೂ ಹಾರಿಸಿದ ಅಂತ ಕಥೆಯಿದೆ.

ಅದೇ ಹೊತ್ತಿಗೆ ಪಶ್ಚಿಮದ ಗಡಿಯಲ್ಲಿ ಎಡ್ರಿಕ್ ಅನ್ನುವವನು ವೇಲ್ಸ್‌ನವರನ್ನು ಕಟ್ಟಿಕೊಂಡು ಶ್ರೂಸ್‌ಬರಿ ಸುಟ್ಟ. ಡೆವನ್, ಸಾಮರ್‌ಸೆಟ್ ಸೀಮೆಗಳೂ ಎದ್ದವು. ಇಷ್ಟೆಲ್ಲ ಆದರೂ ಯಾಕೆ ಸೋತರು? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗಿತ್ತು ಪರಿಸ್ಥಿತಿ. ಉತ್ತರದವರಿಗೆ ಎಡ್ಗರ್ ರಾಜನಾಗಬೇಕು. ಡೇನರಿಗೆ ಸ್ವೇನ್ ರಾಜನಾಗಬೇಕು. ಹ್ಯಾರಲ್ಡ್‌ನ ಮಕ್ಕಳು ಐರ್ಲೆಂಡಿನಿಂದ ಎರಡು ಸಲ ಹಡಗು ತಂದು ದಾಳಿ ಮಾಡಿದರು. ಅವರನ್ನು 1068ರಲ್ಲಿ ತಡೆದು ಪ್ರಾಣ ಕೊಟ್ಟವನು ಈಡ್ನೋತ್ ಅನ್ನುವ ಇಂಗ್ಲಿಷನೇ. ತಮ್ಮ ಹಿಂದಿನ ರಾಜನ ಮಕ್ಕಳಾಗಿದ್ದರೂ ಊರವರು ಅವರಿಗೆ ಬಾಗಿಲು ತೆಗೆಯಲಿಲ್ಲ. ದಂಗೆಯೆದ್ದ ಎಕ್ಸೆಟರ್ ಸೀಮೆಯವರು 1069ರಲ್ಲಿ ಎಕ್ಸೆಟರ್ ನಗರಕ್ಕೇ ಮುತ್ತಿಗೆ ಹಾಕಿದಾಗ, ಹೋದ ವರ್ಷ ವಿಲಿಯಂನನ್ನು ತಡೆದು ನಿಲ್ಲಿಸಿದ್ದ ಊರಿನವರು ಈ ಸಲ ವಿಲಿಯಂ ಪರ ನಿಂತರು!

ವಿಲಿಯಂ ಡೇನರಿಗೆ ಹಣ ಕೊಟ್ಟು ಸುಮ್ಮನಾಗಿಸಿದ. ಆಮೇಲೆ ಮಾಡಿದ ಕೆಲಸವನ್ನು ಅವನ ಹೊಗಳುಭಟರೂ ಸಮರ್ಥಿಸಲಾರರು. 1069ರ ಚಳಿಗಾಲದಲ್ಲಿ ಸೈನ್ಯವನ್ನು ಸಣ್ಣ ತಂಡಗಳಾಗಿ ಒಡೆದು ಯಾರ್ಕ್‌ಶೈರ್ ಸುತ್ತಮುತ್ತ ಊರೂರಿಗೂ ಕಳಿಸಿದ. ಕಣಜದ ಧಾನ್ಯ, ಬಿತ್ತನೆ ಬೀಜ, ನೇಗಿಲು, ದನಕರು ಎಲ್ಲವನ್ನೂ ಸುಟ್ಟರು. ಮುಂದಿನ ದಂಗೆಗೆ ಅನ್ನವೇ ಸಿಗಬಾರದು ಅನ್ನುವುದು ಲೆಕ್ಕ. ಈ ನಡುವೆ ವಿಂಚೆಸ್ಟರ್‌ನಿಂದ ಕಿರೀಟ ತರಿಸಿಕೊಂಡು, ಸುಟ್ಟ ಯಾರ್ಕ್‌ನಲ್ಲೇ ಕ್ರಿಸ್‌ಮಸ್ ದಿನ ಅದನ್ನು ಧರಿಸಿ ಕೂತ. ಹಸಿದ ಜನ ನೂರಾರು ಮೈಲಿ ನಡೆದು ದಕ್ಷಿಣದ ಈವ್‌ಶ್ಯಾಮ್ ಮಠದ ತನಕ ಬಂದರು. ಮಠದ ಗುರು ಎಥೆಲ್‌ವಿಗ್ ಊಟ ಹಾಕಿಸಿದ. ಆದರೂ ದಿನಕ್ಕೆ ಐದಾರು ಹೆಣ ಹೂಳಬೇಕಾಗುತ್ತಿತ್ತು ಅಂತ ಆ ಮಠದ ದಾಖಲೆ ಹೇಳುತ್ತದೆ. ಒಂದು ಲಕ್ಷಕ್ಕೂ ಜಾಸ್ತಿ ಜನ ಸತ್ತರು ಅಂತ ಚರಿತ್ರೆಕಾರ ಒರ್ಡೆರಿಕ್ ವಿಟಾಲಿಸ್ ಬರೆದ. ಸಂಖ್ಯೆಯನ್ನು ಹಾಗೇ ನಂಬಬೇಕಾಗಿಲ್ಲ, ಅವರು ತುಂಬಾ ಅನ್ನುವುದಕ್ಕೆ ಹೀಗೆ ಬರೆಯುತ್ತಿದ್ದರು. ಆದರೆ ಇದಕ್ಕೆ ಕ್ಷಮೆಯಿಲ್ಲ ಅಂತ ಅವನು ಖಾರವಾಗಿ ಬರೆದದ್ದು ಗಮನಿಸಬೇಕಾದ್ದು. ಅವನ ತಾಯಿ ಇಂಗ್ಲಿಷ್, ತಂದೆ ನಾರ್ಮನ್ನರ ಜೊತೆ ಬಂದ ಪಾದ್ರಿ, ಅವನು ಬೆಳೆದದ್ದು ನಾರ್ಮಂಡಿಯ ಮಠದಲ್ಲಿ. ಹದಿನೇಳು ವರ್ಷದ ಮೇಲೆ ಡೂಮ್ಸ್‌ಡೇ ಲೆಕ್ಕ ಬರೆದಾಗಲೂ ಯಾರ್ಕ್‌ಶೈರ್‌ನ ಎಷ್ಟೋ ಹಳ್ಳಿಗಳ ಮುಂದೆ ಪಾಳು ಅಂತಲೇ ಬರೆದಿದೆ.

ಇಂಗ್ಲಿಷ್ ದಂಗೆಕೋರರಲ್ಲಿ ಹೆಚ್ಚು ಹೆಸರಾದವನು ಹಿಯರ್‌ವರ್ಡ್. ಈಲಿ ದ್ವೀಪದ ಜೌಗಿನಲ್ಲಿ 1071ರವರೆಗೆ ಹೋರಾಡಿದವನು. ಮೋರ್ಕಾರ್ ಕೂಡ ಕೊನೆಗೆ ಅಲ್ಲಿಗೆ ಸೇರಿದ. ವಿಲಿಯಂ ಜೌಗಿನ ಮೇಲೆ ದಾರಿ ಹಾಕಿಸಿ ಒಳನುಗ್ಗಿದ. ಮೋರ್ಕಾರ್ ಸೆರೆಯಾದ, ಅಷ್ಟರಲ್ಲಿ ಎಡ್ವಿನ್‌ನನ್ನು ಅವನ ಆಳುಗಳೇ ಕೊಂದಿದ್ದರು, ಹಿಯರ್‌ವರ್ಡ್ ತಪ್ಪಿಸಿಕೊಂಡ. ಅವನ ಸುತ್ತ ಬೆಳೆದ ಕಥೆಗಳು ಓದಲು ಚೆಂದ. ಆದರೆ ಅವನಿಂದ ವಿಲಿಯಂಗೆ ಆದ ಅಪಾಯ ಯಾರ್ಕ್‌ಗೆ ಹೋಲಿಸಿದರೆ ಚಿಕ್ಕದು.

ಈಗ ನಿಮ್ಮ ಮುಖ್ಯ ಪ್ರಶ್ನೆ. 1075ರ ದಂಗೆಗೆ ಮೂವರು ಅರ್ಲ್‌ಗಳ ಬಂಡಾಯ ಅಂತ ಹೆಸರು. ಮೊದಲನೆಯವನು ಹೆರ್‌ಫರ್ಡ್‌ನ ರೋಜರ್. 1067ರಲ್ಲಿ ಇಂಗ್ಲೆಂಡ್ ಆಳಲು ವಿಲಿಯಂ ಬಿಟ್ಟುಹೋದ ಅದೇ ಆಪ್ತ ಫಿಟ್ಸ್‌ಆಸ್ಬರ್ನ್‌ನ ಮಗ. ಎರಡನೆಯವನು ಈಸ್ಟ್ ಆಂಗ್ಲಿಯಾದ ರಾಲ್ಫ್, ತಾಯಿಯ ಕಡೆಯಿಂದ ನಾರ್ಮಂಡಿ ಪಕ್ಕದ ಬ್ರಿಟನಿ ಸೀಮೆಯವನು, ತಂದೆ ಹಳೆಯ ರಾಜ ಎಡ್ವರ್ಡ್‌ನ ಆಸ್ಥಾನದಲ್ಲಿದ್ದವನು. ಮೂರನೆಯವನು ಇಂಗ್ಲಿಷನಾದ ವಾಲ್ತಿಯೋಫ್. ಯಾರ್ಕ್‌ನ ಬಾಗಿಲಲ್ಲಿ ನಿಂತಿದ್ದವನನ್ನು ವಿಲಿಯಂ ಕ್ಷಮಿಸಿ, ಸ್ವಂತ ಸೋದರಿಯ ಮಗಳು ಜುಡಿತ್‌ಳನ್ನು ಕೊಟ್ಟು ಮದುವೆ ಮಾಡಿ, ಉತ್ತರದ ಅರ್ಲ್ ಪದವಿಯನ್ನೂ ಕೊಟ್ಟಿದ್ದ.

ಇವರಿಗೆ ಏನು ಕೊರತೆ? ಅಪ್ಪಂದಿರಿಗಿದ್ದ ಅಧಿಕಾರ ಮಕ್ಕಳಿಗೆ ಉಳಿದಿರಲಿಲ್ಲ. ಫಿಟ್ಸ್‌ಆಸ್ಬರ್ನ್ ತನ್ನ ಸೀಮೆಯಲ್ಲಿ ಅರ್ಧ ರಾಜನ ಹಾಗಿದ್ದ. ಅವನು 1071ರಲ್ಲಿ ಫ್ಲಾಂಡರ್ಸ್‌ನ ಯುದ್ಧದಲ್ಲಿ ಸತ್ತ ಮೇಲೆ ರೋಜರ್‌ಗೆ ಜಮೀನು ಬಂತು, ಆದರೆ ಅವನ ಸೀಮೆಯೊಳಗೆ ರಾಜನ ಅಧಿಕಾರಿಗಳಾದ ಶೆರಿಫ್‌ಗಳು ಬಂದು ನ್ಯಾಯ ಹೇಳತೊಡಗಿದರು. ಇದು ಊಹೆಯಲ್ಲ. ಆಗ ರಾಜ ನಾರ್ಮಂಡಿಯಲ್ಲಿದ್ದ, ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ ರಾಜ್ಯ ನೋಡಿಕೊಳ್ಳುತ್ತಿದ್ದ. ಅವನು ರೋಜರ್‌ಗೆ ಬರೆದ ಕಾಗದ ಉಳಿದಿದೆ. ರಾಜ ವಾಪಸ್ ಬಂದು ವಿಚಾರಿಸುವ ತನಕ ನಿನ್ನ ಜಮೀನಿನಲ್ಲಿ ಶೆರಿಫ್‌ಗಳು ವಿಚಾರಣೆ ನಡೆಸಬಾರದು ಅಂತ ಅಪ್ಪಣೆಯಾಗಿದೆ, ಸಮಾಧಾನವಾಗಿರು ಅನ್ನುವ ಧಾಟಿ ಅದರಲ್ಲಿದೆ. ರೋಜರ್ ಕೇಳಲಿಲ್ಲ. ಆಮೇಲಿನ ಒಂದು ಕಾಗದದಲ್ಲಿ ಅವನಿಗೆ ಇಗರ್ಜಿಯಿಂದ ಬಹಿಷ್ಕಾರ.

ಸಂಚು ನಡೆದದ್ದು ಮದುವೆ ಮನೆಯಲ್ಲಿ. ರೋಜರ್ ತನ್ನ ತಂಗಿ ಎಮ್ಮಾಳನ್ನು ರಾಲ್ಫ್‌ಗೆ ಕೊಟ್ಟ. ಊಟ, ಕುಡಿತ ಜೋರಾಗಿ ನಡೆದಾಗ ರಾಜನನ್ನು ಕೆಳಗಿಳಿಸುವ ಮಾತೂ ನಡೆಯಿತು. ಆ ಮದುವೆ ಅನೇಕರ ಪ್ರಾಣಕ್ಕೆ ಎರವಾಯಿತು ಅಂತ ಇಂಗ್ಲಿಷರ ವರ್ಷವಾರು ದಾಖಲೆಯಾದ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್‌ನಲ್ಲಿ ಪ್ರಾಸ ಕಟ್ಟಿ ಬರೆದಿದ್ದಾರೆ. ವಾಲ್ತಿಯೋಫ್ ಮದುವೆಗೆ ಹೋಗಿದ್ದ. ಹೂಂ ಅಂದನೋ ಸುಮ್ನೆ ಕೇಳಿಸಿಕೊಂಡನೋ, ಆಮೇಲೆ ಮನಸ್ಸು ಕೊರೆದು ಲ್ಯಾನ್‌ಫ್ರಾಂಕ್ ಹತ್ತಿರ ಹೋಗಿ ಎಲ್ಲ ಹೇಳಿದ. ನಾರ್ಮಂಡಿಗೆ ಹೋಗಿ ರಾಜನ ಕ್ಷಮೆಯನ್ನೂ ಕೇಳಿದ.

ಈ ದಂಗೆಯನ್ನು ಮುರಿದವರು ಯಾರು ನೋಡಿ. ರೋಜರ್ ಸೆವರ್ನ್ ನದಿ ದಾಟದಂತೆ ತಡೆದವರಲ್ಲಿ ವೂಸ್ಟರ್‌ನ ಇಂಗ್ಲಿಷ್ ಬಿಷಪ್ ವುಲ್ಫ್‌ಸ್ಟನ್ ಮತ್ತು ಹಸಿದವರಿಗೆ ಅನ್ನ ಹಾಕಿದ ಆ ಎಥೆಲ್‌ವಿಗ್ ಇದ್ದರು. ಜೊತೆಗೆ ನಾರ್ಮನ್ ಶೆರಿಫ್. ಪೂರ್ವದಲ್ಲಿ ರಾಲ್ಫ್ ಸೋತು ಕಡಲಿನ ಕಡೆ ಓಡಿದ. ಹೊಸ ಮದುವಣಗಿತ್ತಿ ಎಮ್ಮಾ ನಾರಿಚ್ ಕೋಟೆಯನ್ನು ತಿಂಗಳುಗಟ್ಟಲೆ ಹಿಡಿದು ನಿಂತು, ಷರತ್ತು ಮಾತಾಡಿಕೊಂಡೇ ಹೊರಬಂದಳು. ಇಡೀ ಪ್ರಸಂಗದಲ್ಲಿ ಗಟ್ಟಿಗಿತ್ತಿ ಅಂದರೆ ಅವಳೇ. ರಾಜ ಕಡಲು ದಾಟಿ ಬರುವ ಅಗತ್ಯವಿಲ್ಲ ಅಂತ ಲ್ಯಾನ್‌ಫ್ರಾಂಕ್ ಬರೆದ. ಸಹಾಯಕ್ಕೆ ಕರೆದಿದ್ದ ಡೇನರ ಹಡಗುಗಳು ಬಂದದ್ದು ಎಲ್ಲ ಮುಗಿದ ಮೇಲೆ.

ಶಿಕ್ಷೆಯಲ್ಲಿ ಮಾತ್ರ ಕುಲದ ಲೆಕ್ಕ ಎದ್ದು ಕಾಣುತ್ತದೆ. ರೋಜರ್‌ಗೆ ನಾರ್ಮನ್ ಕಾನೂನು: ಜಮೀನು ಜಪ್ತಿ, ಜೀವಾವಧಿ ಸೆರೆ. ಈಸ್ಟರ್ ಹಬ್ಬಕ್ಕೆ ರಾಜ ಒಳ್ಳೆಯ ಬಟ್ಟೆಗಳನ್ನು ಕಳಿಸಿದರೆ ರೋಜರ್ ಅವನ್ನು ಬೆಂಕಿಗೆ ಹಾಕಿದನಂತೆ. ರಾಲ್ಫ್ ಬ್ರಿಟನಿಯಲ್ಲಿ ತನ್ನ ಜಮೀನಿನ ಮೇಲೆ ಹಾಯಾಗಿದ್ದ. ವಾಲ್ತಿಯೋಫ್‌ಗೆ ಇಂಗ್ಲಿಷ್ ಕಾನೂನು ಹಚ್ಚಿದರು. ರಾಜದ್ರೋಹಕ್ಕೆ ಅದರಲ್ಲಿ ಸಾವು. 1076ರ ಮೇ 31ರಂದು ವಿಂಚೆಸ್ಟರ್ ಹೊರಗಿನ ಗುಡ್ಡದ ಮೇಲೆ ಅವನ ತಲೆ ಕಡಿದರು. ಮೂವರಲ್ಲಿ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡವನು ಅವನೊಬ್ಬನೇ. ನನ್ನ ಪ್ರಕಾರ ವಿಲಿಯಂ ಆಳ್ವಿಕೆಯ ಅತ್ಯಂತ ಕೊಳಕು ತೀರ್ಪು ಇದು. ಅವನನ್ನು ಹೂಳಿದ ಕ್ರೌಲ್ಯಾಂಡ್ ಮಠಕ್ಕೆ ಜನ ಹರಕೆ ಹೊತ್ತು ಹೋಗತೊಡಗಿದರು.

ಮುಂದಿನ ದಂಗೆ ಮನೆಯೊಳಗಿನದು. ಹಿರಿಯ ಮಗ ರಾಬರ್ಟ್‌ಗೆ ನಾರ್ಮಂಡಿ ಕೊಡುತ್ತೇನೆ ಅಂತ ವಿಲಿಯಂ ಹೇಳಿದ್ದ, ಪ್ರಭುಗಳಿಂದ ಪ್ರಮಾಣವನ್ನೂ ಮಾಡಿಸಿದ್ದ. ಅಧಿಕಾರ ಮಾತ್ರ ಬಿಡಲಿಲ್ಲ. ಲೇಗ್ಲ್ ಊರಿನಲ್ಲಿ ತಮ್ಮಂದಿರು ಮಹಡಿಯಿಂದ ರಾಬರ್ಟ್ ಮೇಲೆ ನೀರು ಚೆಲ್ಲಿದ್ದು ಜಗಳಕ್ಕೆ ನೆಪವಾಯಿತು. ಅದು ಬರೀ ನೀರಲ್ಲ, ಉಚ್ಚೆ ಅನ್ನುವವರೂ ಇದ್ದಾರೆ. ರಾಬರ್ಟ್ ಜೊತೆ ಹೊರಟ ಯುವಕರಲ್ಲಿ ಸೆರೆಯಲ್ಲಿದ್ದ ರೋಜರ್‌ನ ಅಣ್ಣನೂ ಇದ್ದ. ಎಲ್ಲರದೂ ಒಂದೇ ದೂರು: ಅಪ್ಪಂದಿರು ಸಾಯುವ ತನಕ ಕೈಗೆ ಏನೂ ಬರುವುದಿಲ್ಲ. 1079ರ ಆರಂಭದಲ್ಲಿ ಜೆರ್ಬರ್ವಾ ಕೋಟೆಯ ಮುಂದೆ ತಂದೆ ಮಗ ಎದುರುಬದುರಾದರು. ವಿಲಿಯಂನ ಕೈಗೆ ಗಾಯವಾಯಿತು, ಅವನ ಕುದುರೆ ಸತ್ತುಬಿತ್ತು. ಓಡಿಬಂದು ಇನ್ನೊಂದು ಕುದುರೆ ಕೊಟ್ಟವನು ಟೋಕಿಗ್ ಅನ್ನುವ ಇಂಗ್ಲಿಷ್ ಯುವಕ. ಕುದುರೆ ಕೊಡುತ್ತಿರುವಾಗಲೇ ಅವನಿಗೆ ಬಾಣ ನಾಟಿ ಸತ್ತ.

1087ರಲ್ಲಿ ವಿಲಿಯಂ ಸತ್ತ. ನಾರ್ಮಂಡಿ ರಾಬರ್ಟ್‌ಗೆ, ಇಂಗ್ಲೆಂಡ್ ಬದುಕಿದ್ದ ಗಂಡುಮಕ್ಕಳಲ್ಲಿ ಎರಡನೆಯವನಾದ ವಿಲಿಯಂ ರೂಫಸ್‌ಗೆ ಹೋಯಿತು. ಕಡಲಿನ ಎರಡೂ ದಂಡೆಯಲ್ಲಿ ಜಮೀನಿದ್ದ ಪ್ರಭುಗಳಿಗೆ ಇಬ್ಬರು ಯಜಮಾನರಾದರು. ಒಬ್ಬನ ಮಾತು ಕೇಳಿದರೆ ಇನ್ನೊಬ್ಬ ಜಮೀನು ಕಿತ್ತುಕೊಳ್ಳುತ್ತಾನೆ. ಹಾಗಾಗಿ 1088ರಲ್ಲಿ ಓಡೋ ಮುಂದಾಳಾಗಿ ರೂಫಸ್‌ನನ್ನು ಇಳಿಸಲು ಹೊರಟರು. ರೂಫಸ್ ಇಂಗ್ಲಿಷರಿಗೆ ಕರೆ ಕೊಟ್ಟ. ಒಳ್ಳೆಯ ಕಾನೂನು ಕೊಡುತ್ತೇನೆ, ಅನ್ಯಾಯದ ತೆರಿಗೆ ತೆಗೆಯುತ್ತೇನೆ, ಕಾಡಿನಲ್ಲಿ ಬೇಟೆಗೆ ಬಿಡುತ್ತೇನೆ ಅಂದ. ಅವರು ಬಂದರು. ಪೆವೆನ್ಸಿ ಕೋಟೆಗೆ ಆರು ವಾರ ಮುತ್ತಿಗೆ ಹಾಕಿ ಓಡೋನನ್ನು ಹಿಡಿದರು. ಅವನು ನುಣುಚಿಕೊಂಡು ರೋಚೆಸ್ಟರ್ ಕೋಟೆ ಸೇರಿದಾಗ ಅಲ್ಲಿಗೂ ಹೋದರು. ಕೊನೆಗೆ ಅವನು ಸೋತು ಹೊರಬಂದಾಗ ಇಂಗ್ಲಿಷರು ಹಗ್ಗ ತನ್ನಿ, ನೇಣಿಗೆ ಹಾಕಿ ಅಂತ ಕೂಗಿದರಂತೆ. ರೂಫಸ್ ಚಿಕ್ಕಪ್ಪನನ್ನು ಕೊಲ್ಲಲಿಲ್ಲ, ನಾರ್ಮಂಡಿಗೆ ಓಡಿಸಿದ. ಇಂಗ್ಲಿಷರಿಗೆ ಕೊಟ್ಟ ಮಾತುಗಳು ಹೆಚ್ಚು ದಿನ ಉಳಿಯಲಿಲ್ಲ. ಓಡೋನ ಇಂಗ್ಲೆಂಡಿನ ಜಮೀನು ಮಾತ್ರ ಅವನಿಗೆ ಮತ್ತೆ ಸಿಗಲಿಲ್ಲ.